ಗೇಟಿನ ತೋಟದ ಅಕ್ಕ

ಗೇಟಿನ ತೋಟದ ಅಕ್ಕ ತೀರಿಕೊಂಡು ಇನ್ನೂ ತಿಂಗಳು ತುಂಬಿಲ್ಲ. ಅವರ ಮಾತು ಬಂದರೆ ನಮ್ಮೂರಲ್ಲಿ ಎಲ್ಲರೂ ಹೇಳುವುದು ಒಂದೇ ಕತೆ. ರೈಲ್ವೆ ತಂತಿಯ ಕರೆಂಟು ಹೊಡೆದು ಬಿದ್ದವನ ಹತ್ತಿರಕ್ಕೆ ಅವನ ಹೆಂಡತಿಯನ್ನೇ ಹೋಗಗೊಡದೆ ನೆಲಕ್ಕೆ ಒತ್ತಿ ಹಿಡಿದಿದ್ದ ಹೆಂಗಸು ಎಂದು. ಕೆಲವರು ಅದನ್ನು ಮೆಚ್ಚಿ ಹೇಳುತ್ತಾರೆ, ಕೆಲವರು ಈಗಲೂ ದನಿ ತಗ್ಗಿಸಿ ಹೇಳುತ್ತಾರೆ. ಆವತ್ತು ನಾನೂ ಅಲ್ಲಿದ್ದೆ. ಆದರೆ ನನ್ನ ಮಟ್ಟಿಗೆ ಅಕ್ಕ ಅಂದರೆ ಆ ಒಂದು ದಿನ ಮಾತ್ರ ಅಲ್ಲ. ಆ ದಿನಕ್ಕಿಂತ ಮುಂಚೆ ಅವರು ಹೇಗಿದ್ದರು, ಆಮೇಲೆ ಏನೇನು ಮಾಡಿದರು ಅನ್ನುವುದನ್ನು ಬಿಟ್ಟು ಆ ಕತೆಯೊಂದನ್ನೇ ಹೇಳಿದರೆ ಅವರ ಅರ್ಧ ಮುಖವನ್ನಷ್ಟೇ ತೋರಿಸಿದಂತೆ.

ಹೆಸರು ಬರೆಯುತ್ತಿಲ್ಲ. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡೇ ಇಲ್ಲ. ರೈಲ್ವೆ ಗೇಟಿಗೆ ಅಂಟಿಕೊಂಡೇ ಅವರ ತೆಂಗಿನ ತೋಟ. ಹಳಿ ಆ ತೋಟವನ್ನು ಎರಡು ಪಾಲು ಮಾಡಿಕೊಂಡು ತಿಪಟೂರಿನ ಕಡೆಗೆ ಹೋಗುತ್ತದೆ. ಈಚೆ ಮನೆ, ಕೊಟ್ಟಿಗೆ, ಬಾವಿ. ಆಚೆ ದೊಡ್ಡ ಪಾಲು ತೋಟ. ಹಾಗಾಗಿ ಊರಿಗೆಲ್ಲ ಅವರು ಗೇಟಿನ ತೋಟದಮ್ಮ, ಪಕ್ಕದ ತೋಟಕ್ಕೆ ಸೊಸೆಯಾಗಿ ಬಂದ ನನಗೆ ಅಕ್ಕ.

ನಾನು ದಬ್ಬೇಘಟ್ಟದ ಕಡೆಯವಳು, ಗದ್ದೆ ನೋಡಿಕೊಂಡು ಬೆಳೆದವಳು. ಮದುವೆಯಾಗಿ ಬಂದ ಹೊಸತರಲ್ಲಿ ತಿಪಟೂರಿನ ಹೈಸ್ಕೂಲಿನಲ್ಲಿ ನನಗೆ ಕೆಲಸ ಸಿಕ್ಕಿತ್ತು. ಬಸ್ಸಿನ ಹೊತ್ತಿಗೂ ಶಾಲೆಯ ಹೊತ್ತಿಗೂ ಹೊಂದಾಣಿಕೆಯೇ ಇರಲಿಲ್ಲ. ಒಂದು ಬೆಳಿಗ್ಗೆ ನಾನು ರಸ್ತೆಯಲ್ಲಿ ಕಾಯುತ್ತ ನಿಂತಿದ್ದಾಗ ಅಕ್ಕ ತಮ್ಮ ಟಿವಿಎಸ್ ಗಾಡಿಯನ್ನು ತಂದು ನನ್ನ ಕಾಲ ಬುಡದಲ್ಲೇ ನಿಲ್ಲಿಸಿದರು. ಹಿಂದೆ ಕೊಬ್ಬರಿ ಚೀಲ, ಮುಂದೆ ಹುಲ್ಲಿನ ಹೊರೆ.

"ದಿನಾ ಹಿಂಗೆ ಕಂಬದಂಗೆ ನಿಂತ್ಕಂಡಿರ್ತೀಯಲ್ಲೇ. ಗಾಡಿ ಓಡ್ಸಾಕೆ ಬರಲ್ವಾ?"

"ಇಲ್ಲ ಅಕ್ಕ, ಹೆದರಿಕೆ."

"ಸಾಯಂಕಾಲ ತೋಟಕ್ಕೆ ಬಾ."

ಸಾಯಂಕಾಲ ಹೋದೆ. ಗಾಡಿಯ ಮೇಲೆ ನನ್ನನ್ನು ಕೂರಿಸಿ ಹಿಂದೆ ತಾವೇ ಕೂತರು. "ಅಕ್ಕ, ನೀವು ಇಳೀರಿ, ಬಿದ್ದರೆ ನಾನೊಬ್ಬಳೇ ಬೀಳ್ತೀನಿ" ಅಂದೆ. "ಬಿದ್ರೆ ಇಬ್ರೂ ಬೀಳಾಣ, ಓಡ್ಸು" ಅಂದರು. ಸ್ವಲ್ಪ ದೂರ ಹೋಗಿ ಒಂದು ತೆಂಗಿನ ಮರದ ಪಾತಿಗೆ ಇಬ್ಬರೂ ಬಿದ್ದೆವು. ಅವರು ಎದ್ದು ಸೀರೆ ಕೊಡವಿಕೊಂಡು, "ಎದ್ದೇಳೇ, ಪಾತಿ ಮೆತ್ತಗೈತೆ. ಇನ್ನೊಂದ್ಸಲ ನೋಡಾಣ" ಅಂದರು. ಗದರಲಿಲ್ಲ, ಅಯ್ಯೋ ಪಾಪ ಅಂತಲೂ ಅನ್ನಲಿಲ್ಲ. ನಾನು ಗಾಡಿ ಕಲಿತೆ. ಅವರ ಹತ್ತಿರ ಕಲಿತದ್ದು ಬಿಟ್ಟುಹೋಗುವುದಿಲ್ಲ.

ಅವರಿಗೆ ಒಂದು ಮಾತು ಅಂಟಿಕೊಂಡಿತ್ತು. "ಅದಾಯ್ತು, ಆಮೇಲೆ?" ಯಾರು ಏನು ಹೇಳಿದರೂ ಅಷ್ಟಕ್ಕೇ ಬಿಡುವವರಲ್ಲ. ಒಂದು ಚುನಾವಣೆಯಲ್ಲಿ ಓಟು ಕೇಳಲು ಬಂದವರೊಬ್ಬರು ತೋಟದ ದಾರಿಗೆ ಡಾಂಬರು ಹಾಕಿಸುವುದಾಗಿ ಹೇಳಿದರು. "ಅದಾಯ್ತು, ಆಮೇಲೆ?" ಅಂದರು ಅಕ್ಕ. ಅರ್ಜಿ ಕಳಿಸುತ್ತೇವೆ ಅಂದರು ಅವರು. "ಅದಾಯ್ತು, ಆಮೇಲೆ?" ಮಂಜೂರಾಗಬೇಕು ಅಂದರು. "ಆಮೇಲೆ?" ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ಕೊನೆಗೆ ಈ ವರ್ಷವಂತೂ ಆಗುವುದಿಲ್ಲ ಎಂದು ಅವರ ಬಾಯಿಂದಲೇ ಹೇಳಿಸಿ, ಒಳಗೆ ಕರೆದು ಕಾಫಿ ಕೊಟ್ಟು ಕಳಿಸಿದರು. ಕಾಫಿ ಮಾಡಿದವರು ಭಾವ, ಅಂದರೆ ಅಕ್ಕನ ಯಜಮಾನರು. ಭಾವ ಮಾತಾಡುತ್ತಿದ್ದುದು ಎಮ್ಮೆಗಳ ಹತ್ತಿರ ಮಾತ್ರ. ಮನೆಗೆ ಬೇಕಾದ ಮಾತನ್ನೆಲ್ಲ ಅಕ್ಕನೇ ಆಡಿ ಮುಗಿಸುತ್ತಿದ್ದುದರಿಂದ ಅವರಿಗೆ ಅದರಲ್ಲಿ ಬೇಸರವೂ ಇದ್ದಂತಿರಲಿಲ್ಲ.

ಅಕ್ಕ ದೇವತೆಯೇನಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಸೋಲು ಒಪ್ಪುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಫೋನಿನಲ್ಲಿ ಮಾತಾಡಿದರೆ ಅದನ್ನು ತಟ್ಟೆಯ ಹಾಗೆ ಬಾಯಿಯ ಮುಂದೆ ಹಿಡಿದುಕೊಂಡು ಶೆಟ್ಟಿಕೆರೆಗೂ ಕೇಳಬೇಕು ಅನ್ನುವಂತೆ ಮಾತಾಡುತ್ತಿದ್ದರು. ಫೋಟೋ ತೆಗೆಸಿಕೊಳ್ಳುವುದು ಅಂದರೆ ಪ್ರಾಣ. ವಿಭೂತಿ ಸರಿಯಾಗಿ ಕಾಣುತ್ತಿಲ್ಲ ಎಂದು ಒಂದೇ ಫೋಟೋವನ್ನು ನಾಲ್ಕು ಸಲ ತೆಗೆಸಿದ್ದೂ ಉಂಟು.

ನಮ್ಮ ಹಳಿಯ ಮೇಲೆ ಬಹಳ ಕಾಲ ಡೀಸೆಲ್ ಗಾಡಿಗಳೇ ಓಡಾಡುತ್ತಿದ್ದವು. ಈಚಿನ ವರ್ಷಗಳಲ್ಲಿ ಕಂಬಗಳು ಬಂದವು, ಕಂಬಗಳಿಗೆ ತೋಳುಗಳು ಬಂದವು, ತೋಳುಗಳಿಂದ ತಂತಿಗಳು ಇಳಿದವು. ಗೇಟಿನ ಎರಡೂ ಕಡೆ ರಸ್ತೆಗೆ ಅಡ್ಡಲಾಗಿ ಹಳದಿ ಕಪ್ಪು ಪಟ್ಟೆಯ ಕಬ್ಬಿಣದ ಚೌಕಟ್ಟು ನಿಲ್ಲಿಸಿದರು. ಅದಕ್ಕಿಂತ ಎತ್ತರದ ಲೋಡು ಆ ದಾರಿಯಲ್ಲಿ ಹೋಗುವ ಹಾಗಿಲ್ಲ. ಆ ಸಮಯದಲ್ಲೇ ರೈಲ್ವೆಯವರು ಹಳಿಯ ಬದಿಯ ಮರಗಳನ್ನು ನೋಡಲು ಬಂದರು. ಅಕ್ಕನ ತೋಟದ ಅಂಚಿನಲ್ಲಿ, ಬೇಲಿಯ ಗುಂಟ ಒಂದು ಸಾಲು ಹಳೆಯ ತೆಂಗಿನ ಮರಗಳಿದ್ದವು. ಅಷ್ಟನ್ನೂ ತೆಗೆದರೆ ಒಳ್ಳೆಯದು ಅಂದರು. ಅಕ್ಕ ಸೆರಗು ಸಿಕ್ಕಿಸಿಕೊಂಡು ಮರಗಳ ಮುಂದೆ ನಿಂತರು.

"ನಮ್ಮತ್ತೆ ಬಾವಿಯಿಂದ ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಮರ ಇವು. ನಿಮ್ಮ ಜಾಗದಾಗೆ ಒಂದು ಗರಿನಾದ್ರೂ ಐತಾ, ತೋರ್ಸಿ."

ಜಗಳ ಹಲವು ದಿನ ನಡೆಯಿತು. ಕೊನೆಗೆ ಹಳಿಯ ಕಡೆಗೆ ಬಾಗಿದ್ದ ಎರಡನ್ನು ಮಾತ್ರ ಕಡಿದು, ನೆಟ್ಟಗಿದ್ದವನ್ನು ಉಳಿಸಿದರು. ಗೆದ್ದ ಖುಷಿಯಲ್ಲಿ ಅಕ್ಕ ಕಡಿಯಲು ಬಂದವರಿಗೆಲ್ಲ ಎಳನೀರು ಕೊಡಿಸಿದರು.

ತಂತಿಗೆ ಕರೆಂಟು ಬಿಡುವ ಮುಂಚೆ ಗೇಟಿನ ಹತ್ತಿರ ಊರವರನ್ನೆಲ್ಲ ಕರೆದು ಹೇಳಿದರು. ಬಂದಿದ್ದ ಇಂಜಿನಿಯರ್ ಉತ್ತರ ಭಾರತದ ಕಡೆಯ ಹುಡುಗಿ. ಕನ್ನಡ ಕಲಿತಿದ್ದಳು, ಒಂದೊಂದೇ ಮಾತನ್ನು ಆರಿಸಿ ಆರಿಸಿ ಆಡುತ್ತಿದ್ದಳು.

"ಇನ್ನು ಮೇಲೆ ಈ ತಂತಿಯಲ್ಲಿ ಕರೆಂಟ್ ಇರ್ತದೆ. ಇಪ್ಪತ್ತೈದು ಸಾವಿರ ವೋಲ್ಟ್. ನಿಮ್ಮ ಮನೆ ಕರೆಂಟ್ ತರಹ ಅಲ್ಲ."

"ಗಾಡಿ ಬಂದಾಗ ತಾನೇ ಮೇಡಂ?" ಎಂದು ಯಾರೋ ಕೇಳಿದರು.

"ಅಲ್ಲ. ಗಾಡಿ ಇದ್ದರೂ ಇರ್ತದೆ, ಇಲ್ಲದಿದ್ದರೂ ಇರ್ತದೆ. ಹಗಲು, ರಾತ್ರಿ, ಯಾವಾಗಲೂ. ತಂತಿ ಮುಟ್ಟಬೇಕಾಗಿಲ್ಲ. ಹತ್ತಿರ ಹೋದರೆ ಸಾಕು, ಹಾರಿ ಬಂದು ಹಿಡೀತದೆ. ಎರಡು ಮೀಟರ್ ದೂರ ಇರಬೇಕು. ಕೈಯಲ್ಲಿ ಕೋಲು ಇದ್ದರೆ ಕೋಲಿನ ತುದಿಯೂ ಅಷ್ಟು ದೂರ ಇರಬೇಕು."

ಜನ ತಲೆಯಾಡಿಸಿದರು. ಮುಗಿಯಿತು ಅಂದುಕೊಂಡು ಹೊರಡುವವರೂ ಇದ್ದರು. ಅಕ್ಕ ಮುಂದೆ ಬಂದರು.

"ಅದಾಯ್ತು ಕಣಮ್ಮ, ಆಮೇಲೆ? ಯಾರೋ ಒಬ್ಬ ತಗಲ್ಕಂಡೇ ಬುಟ್ಟ ಅಂದ್ಕೋ. ಆವಾಗ ನಾವೇನು ಮಾಡ್ಬೇಕು?"

"ಅವನ ಹತ್ತಿರ ಹೋಗಬೇಡಿ. ಗೇಟ್‌ನವರಿಗೆ ಹೇಳಿ. ಅವರು ಫೋನ್ ಮಾಡಿ ಕರೆಂಟ್ ತೆಗೆಸ್ತಾರೆ."

"ಒಂದ್ಸಲ ಢಮ್ಮಂದ್ಮೇಲೆ ಕರೆಂಟೇ ಹೋಗಿರ್ತದಲ್ಲ. ನಮ್ಮ ಟ್ರಾನ್ಸ್‌ಫಾರ್ಮರ್‌ದು ಹಂಗೇ ಆಯ್ತದೆ."

"ಹೋಗ್ತದೆ. ಆದರೆ ತಿರುಗಿ ಬರ್ತದೆ. ಯಾವಾಗ ಬರ್ತದೆ ಅಂತ ನಿಮಗೆ ಗೊತ್ತಾಗೋದಿಲ್ಲ. ತೆಗೆದಿದ್ದೇವೆ ಅಂತ ನಮ್ಮವರು ಹೇಳೋ ತನಕ ಯಾರೂ ಹೋಗಬಾರದು. ಬಿದ್ದವನು ಸ್ವಂತ ತಮ್ಮ ಆದರೂ ಹೋಗಬಾರದು."

ಅಷ್ಟು ಹೇಳಿ ಆ ಹುಡುಗಿ ಕಂಬದ ಕಡೆ ನೋಡಿದಳು. ಅಕ್ಕ ಮತ್ತೆ "ಆಮೇಲೆ?" ಅನ್ನಲಿಲ್ಲ. ಮನೆಗೆ ಬರುವಾಗ ದಾರಿಯಲ್ಲಿ ನನಗೆ ಹೇಳಿದರು, "ಆ ಹುಡ್ಗಿ ಮುಖ ನೋಡ್ದೇನೆ? ಅವ್ಳು ಎಲ್ಲೋ ಕಣ್ಣಾರೆ ಕಂಡವ್ಳೆ ಕಣೇ."

ನಮ್ಮ ಕಡೆ ತೆಂಗಿನಕಾಯಿಯನ್ನು ನೆಲದ ಮೇಲೆ ನಿಂತೇ ದೋಟಿಯಿಂದ ಕೀಳುತ್ತಾರೆ. ದೋಟಿ ಅಂದರೆ ತುದಿಗೆ ಕುಡುಗೋಲು ಕಟ್ಟಿದ ಉದ್ದನೆಯ ಬಿದಿರು ಗಳ. ಈಚೆಗೆ ಕೆಲವರು ಅಲ್ಯೂಮಿನಿಯಂ ಗಳ ತಂದುಕೊಂಡಿದ್ದಾರೆ. ಹಗುರ, ಬೇಕಾದಷ್ಟು ಉದ್ದ ಮಾಡಿಕೊಳ್ಳಬಹುದು. ಅಕ್ಕನ ತೋಟದಲ್ಲಿ ಕಾಯಿ ಕೀಳುತ್ತಿದ್ದವನು ರಂಗಪ್ಪ. ಹಂದನಕೆರೆ ಕಡೆಯಿಂದ ಬಂದು ನಮ್ಮೂರಲ್ಲೇ ನೆಲೆಸಿದವನು. ಅವನ ಹೆಂಡತಿ ಜಯಮ್ಮ ಬಿದ್ದ ಕಾಯಿಗಳನ್ನು ಆಯ್ದು ಗುಡ್ಡೆ ಹಾಕುತ್ತಿದ್ದಳು. ಇಬ್ಬರೂ ದಿನವಿಡೀ ಒಬ್ಬರನ್ನೊಬ್ಬರು ಛೇಡಿಸಿಕೊಂಡು ನಗುನಗುತ್ತ ಕೆಲಸ ಮಾಡುವವರು. ರಂಗಪ್ಪನೂ ಅಲ್ಯೂಮಿನಿಯಂ ಗಳ ತಂದಿದ್ದ. ಹಳಿಯ ಬದಿಯ ಸಾಲಿನಲ್ಲಿ ಮಾತ್ರ ದೋಟಿ ಎತ್ತಕೂಡದು, ಮರ ಹತ್ತಿಯೇ ಕೀಳಬೇಕು ಎಂದು ಅಕ್ಕ ಅವನಿಗೆ ಕಟ್ಟುನಿಟ್ಟಾಗಿ ಹೇಳಿದ್ದರು. ಅವನು ಹಾಗೇ ಮಾಡಿಕೊಂಡೂ ಬಂದಿದ್ದ.

ಆವತ್ತು ಶಾಲೆಗೆ ರಜೆ. ಬೆಳಿಗ್ಗೆ ಸೋನೆ ಹಿಡಿದು ಬಿಟ್ಟಿತ್ತು. ಅಕ್ಕ ತಿಪಟೂರಿಗೆ ಹೋಗಿದ್ದರು. ನಾನು ನಮ್ಮ ಬೇಲಿಯ ಹತ್ತಿರ ಸೊಪ್ಪು ಬಿಡಿಸುತ್ತಿದ್ದೆ. ರಂಗಪ್ಪ ಬೇಲಿಯ ಸಾಲಿಗೆ ಬಂದು ಮರವನ್ನು ಮುಟ್ಟಿ ನೋಡಿದ. ನೆನೆದು ಜಾರುತ್ತಿತ್ತು. ಅದೇ ಹೊತ್ತಿಗೆ ಒಂದು ರೈಲುಗಾಡಿ ಸದ್ದು ಮಾಡಿಕೊಂಡು ಹೋಯಿತು. ಅದರ ಹಿಂಭಾಗ ಕಣ್ಮರೆಯಾದ ಮೇಲೆ ಅವನು ಜಯಮ್ಮನಿಗೆ, "ಗಾಡಿ ಹೋಯ್ತಲ್ಲ, ಇನ್ನೇನು ಕರೆಂಟಿರಲ್ಲ ಬುಡು. ಇದೊಂದು ಮರ ಕಿತ್ತಾಕ್ಬುಡ್ತೀನಿ" ಅಂದದ್ದು ನನಗೆ ಕೇಳಿಸಿತು. ಬೇಡ ಎಂದು ನಾನು ಕೂಗುವಷ್ಟರಲ್ಲಿ ಗಳ ಮೇಲೇರಿತ್ತು.

ಸಿಡಿಲು ಬೆನ್ನ ಹಿಂದೆಯೇ ಬಿದ್ದಂತಾಯಿತು. ಕಣ್ಣಿಗೆ ಬಿಳಿಯ ಬೆಳಕು ಬಿಟ್ಟು ಬೇರೇನೂ ಕಾಣಲಿಲ್ಲ. ಆಮೇಲೆ ನೋಡಿದರೆ ಗಳದ ತುದಿ ತಂತಿಗೆ ಒರಗಿಕೊಂಡಿತ್ತು, ಬುಡ ನೆನೆದ ಪಾತಿಯಲ್ಲಿ ಊರಿಕೊಂಡಿತ್ತು. ರಂಗಪ್ಪ ಅಲ್ಲಿಂದ ಸ್ವಲ್ಪ ಆಚೆ ಮಗ್ಗುಲಾಗಿ ಬಿದ್ದಿದ್ದ. ಅಂಗಿಯಿಂದ ಹೊಗೆ ಬರುತ್ತಿತ್ತು. ತೋಟ ಸುಮ್ಮನಾಗಿತ್ತು. ಕರೆಂಟು ಹೊಡೆಯುವುದು ಹೊಡೆದು ಹೋಯಿತು ಎಂದೇ ಯಾರಾದರೂ ಅಂದುಕೊಳ್ಳುವಂತಿತ್ತು.

ಜಯಮ್ಮ ಓಡಿದಳು. ಅಕ್ಕ ಆಗ ತಾನೇ ಗೇಟು ದಾಟಿ ಬರುತ್ತಿದ್ದರು. ಟಿವಿಎಸ್ ಗಾಡಿಯನ್ನು ಇದ್ದಲ್ಲೇ ಕೆಡವಿ ಅಡ್ಡ ಹಾಯ್ದು ಬಂದು ಜಯಮ್ಮನ ಸೊಂಟವನ್ನು ತಬ್ಬಿ ಹಿಡಿದರು. ಇಬ್ಬರೂ ಕಾಯಿಗಳ ಗುಡ್ಡೆಯ ಪಕ್ಕದಲ್ಲಿ ಬಿದ್ದರು. ಅಕ್ಕ ಅವಳ ಬೆನ್ನಿನ ಮೇಲೆ ಪೂರ್ತಿ ಭಾರ ಹಾಕಿ ಒರಗಿಕೊಂಡು, "ಬಾರೇ ಇಲ್ಲಿ, ಇವ್ಳ ಕಾಲು ಹಿಡ್ಕ" ಎಂದು ನನ್ನನ್ನು ಕೂಗಿದರು. ಗೇಟಿನವನು ಆಗಲೇ ಫೋನು ಎತ್ತಿಕೊಂಡಿದ್ದ.

"ಬುಡ್ರಮ್ಮೋರೆ, ನಿಮ್ಮ ಕಾಲಿಗೆ ಬೀಳ್ತೀನಿ. ಉಸ್ರಾಡ್ತಾವ್ನೆ ನೋಡಿ."

"ಉಸ್ರಾಡ್ತಾವ್ನೆ, ಅದ್ಕೇ ಬುಡಲ್ಲ."

ಜೊತೆಗೆ ಕೆಲಸಕ್ಕೆ ಬಂದಿದ್ದ ಒಬ್ಬ ಒಣ ಗಳವೊಂದನ್ನು ಎತ್ತಿಕೊಂಡು, "ದೋಟಿನ ಇದ್ರಾಗೆ ತಳ್ಬುಡ್ತೀನಿ" ಎಂದು ಹೆಜ್ಜೆ ಮುಂದಿಟ್ಟ.

"ಕೆಳಗಾಕ್ಲಾ ಅದನ್ನ. ಒಂದೆಜ್ಜೆ ಇಟ್ಟೀಯೆ."

ಅಕ್ಕನ ದನಿಗೆ ಅವನು ನಿಂತ. ನಿಂತದ್ದೇ ತಡ, ಮತ್ತೊಂದು ಸಲ ಬೆಳಕು, ಸದ್ದು. ಗಳದ ಬುಡದಲ್ಲಿ ಮಣ್ಣು ಬುಸುಗುಟ್ಟಿತು. ಆ ಹುಡುಗಿ ಹೇಳಿದ್ದಂತೆ ಕರೆಂಟು ತಿರುಗಿ ಬಂದಿತ್ತು. ಅವನ ಕೈಯಿಂದ ಕೋಲು ತಾನಾಗಿ ಬಿತ್ತು. ಆಮೇಲೆ ಯಾರೂ ಕದಲಲಿಲ್ಲ.

ಅಷ್ಟರಲ್ಲಿ ರಂಗಪ್ಪನಿಗೆ ಸ್ವಲ್ಪ ಎಚ್ಚರ ಬಂತು. ಎಚ್ಚರ ಬಾರದಿದ್ದರೇ ಚೆನ್ನಾಗಿತ್ತೇನೋ ಎಂದು ಆ ಹೊತ್ತಿನಲ್ಲಿ ನನಗೆ ಅನ್ನಿಸಿತು. ಅವನು "ಜಯಾ, ಜಯಾ" ಎಂದು ಕರೆಯತೊಡಗಿದ. ಜಯಮ್ಮ ಅಕ್ಕನ ಮುಂಗೈಯನ್ನು ಕಚ್ಚಿದಳು. ರಕ್ತ ಬಂತು. ಅಕ್ಕ ಕೈ ಎಳೆದುಕೊಳ್ಳಲಿಲ್ಲ. ಅವಳನ್ನು ಒತ್ತಿ ಹಿಡಿದುಕೊಂಡೇ ತಲೆ ಎತ್ತಿ ಅವನ ಜೊತೆ ಮಾತಾಡತೊಡಗಿದರು.

"ರಂಗಪ್ಪ, ಜಯ ಇಲ್ಲೇ ಅವ್ಳೆ ಕಣಪ್ಪ. ನೀನು ಅಲ್ಲೇ ಇರು, ಅಲ್ಲಾಡ್ಬೇಡ. ಎಲ್ರೂ ಬತ್ತಾವ್ರೆ. ಕಣ್ಮುಚ್ಬೇಡ ಕಣೋ. ನಿನ್ ಮಗಳಿಗೆ ಸೀಮಂತ ಯಾವಾಗಂದೆ, ಹೇಳು. ಯಾರ ಮನೇಲಿ ಮಾಡ್ತೀರಾ?"

ಅವನು ಏನೋ ಗೊಣಗುತ್ತಿದ್ದ. ಅಕ್ಕ ಕೇಳುತ್ತಲೇ ಇದ್ದರು. ಎಷ್ಟು ಹೊತ್ತು ಹಾಗೆ ಕಳೆಯಿತೋ ಗೊತ್ತಿಲ್ಲ. ಕೊನೆಗೆ ಗೇಟಿನವನು ಓಡಿ ಬಂದ. ಕರೆಂಟು ತೆಗೆದಿದ್ದೇವೆ ಎಂದು ರೈಲ್ವೆ ಕಂಟ್ರೋಲಿನವರು ಹೇಳಿದ್ದಾರೆ, ದೋಟಿಯನ್ನು ಮಾತ್ರ ಮುಟ್ಟಬೇಡಿ, ಅವನನ್ನು ಈಚೆಗೆ ಎಳೆದುಕೊಳ್ಳಿ ಅಂದ. ಅಕ್ಕ ಎದ್ದರು. "ಇವ್ಳನ್ನ ಇನ್ನೂ ಹಿಡ್ಕಂಡಿರು" ಎಂದು ನನಗೆ ಹೇಳಿ, ಮೊದಲು ತಾವೇ ಹೋದರು. ರಂಗಪ್ಪನ ಕಂಕುಳಿಗೆ ಕೈ ಹಾಕಿ ಎಳೆದು ಗಳದಿಂದ ದೂರ ತಂದ ಮೇಲೆ ನನ್ನ ಕಡೆ ತಿರುಗಿ, "ಈಗ ಬುಡು" ಅಂದರು.

ರಂಗಪ್ಪ ಬದುಕಿದ. ತಿಪಟೂರಿನಿಂದ ಬೆಂಗಳೂರಿನ ಆಸ್ಪತ್ರೆಗೆ ಒಯ್ದರು. ಬಲಗೈಯನ್ನು ಮೊಣಕೈಯ ಕೆಳಗೆ ತೆಗೆಯಬೇಕಾಯಿತು. ಪಾದ ಸುಟ್ಟು ನಡಿಗೆ ಓರೆಯಾಯಿತು. ಮಗಳ ಸೀಮಂತದ ಹೊತ್ತಿಗೆ ಅವನು ಇನ್ನೂ ಆಸ್ಪತ್ರೆಯ ಮಂಚದ ಮೇಲಿದ್ದ.

ನಾನೂ ಅಕ್ಕನೂ ನೋಡಲು ಹೋಗಿದ್ದೆವು. ಜಯಮ್ಮ ಮುಖ ತಿರುಗಿಸಿಕೊಂಡಳು. ಅಕ್ಕ ತಂದಿದ್ದ ಹಣ್ಣನ್ನು ಮಂಚದ ಮೇಲಿಟ್ಟು ಹೊರಟಾಗ ಬಾಗಿಲವರೆಗೆ ಬಂದು ಹೇಳಿದಳು, "ಅವ್ನು ನನ್ನ ಹೆಸ್ರಿಡ್ದು ಕೂಗ್ತಿದ್ದ. ಒಂದು ತೊಟ್ಟು ನೀರು ಬುಡಾಕೂ ನೀವು ನನ್ನ ಬುಡ್ಲಿಲ್ಲ."

"ಹೌದು ಕಣೇ, ಬುಡ್ಲಿಲ್ಲ" ಅಂದರು ಅಕ್ಕ. ಅಷ್ಟೇ.

ಬಸ್ಸಿನಲ್ಲಿ ನಾನು ತಡೆಯಲಾರದೆ ಕೇಳಿದೆ, "ಅವತ್ತು ಹೋಗಿದ್ದರೆ ಅವಳೂ ಸಾಯ್ತಿದ್ದಳು ಅಂತ ಹೇಳಬಹುದಿತ್ತಲ್ಲ ಅಕ್ಕ?"

"ಅವ್ಳಿಗೆ ಗೊತ್ತಿಲ್ವಾ ಅದು? ಎರಡನೇ ಸಲ ಹೊಡ್ದಿದ್ದು ಅವ್ಳೂ ಕಂಡವ್ಳೆ. ಗೊತ್ತಿದ್ರೂ ಹೊಟ್ಟೆ ಉರಿ ಹೋಗಲ್ಲ. ಬೈಯ್ಯಾಕೆ ಒಬ್ರು ಬೇಕು. ನನ್ನ ಬೈಯ್ಲಿ ಬುಡು." ಕಿಟಕಿಯ ಕಡೆ ತಿರುಗಿಕೊಂಡು ಮತ್ತೆ ಹೇಳಿದರು, "ಆ ಮರ ಉಳಿಸ್ಕಂಡೋಳು ನಾನಲ್ವೇನೇ."

ಮರುವಾರವೇ ಮರ ಕಡಿಯುವವರನ್ನು ಕರೆಸಿದರು. ಬೇಲಿಯ ಸಾಲಿನ ಮರಗಳನ್ನು ಕಡಿಯಲು ಈ ಸಲ ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ರೈಲ್ವೆಯವರಿಗೆ ತಿಳಿಸಿ, ಅವರು ಕರೆಂಟು ತೆಗೆದ ಹೊತ್ತಿನಲ್ಲಿ, ಒಂದೊಂದಕ್ಕೂ ಹಗ್ಗ ಕಟ್ಟಿ ತೋಟದ ಒಳಗಡೆಗೆ ಬೀಳಿಸಿದರು. ಭಾವ ಎಮ್ಮೆ ಹೊಡೆದುಕೊಂಡು ಆಚೆ ಪಾಲಿಗೆ ಹೋಗಿಬಿಟ್ಟರು, ನೋಡಲಾರದೆ. ಅಕ್ಕ ಕೊನೆಯ ಮರ ಬೀಳುವವರೆಗೂ ನಿಂತಿದ್ದರು. ಆ ಜಾಗದಲ್ಲಿ ಹುರುಳಿ ಚೆಲ್ಲಿದರು.

ಆಮೇಲೆ ಶುರುವಾಯಿತು ಅವರ ಸವಾರಿ. ಹಳಿಯ ಗುಂಟ ಇರುವ ತೋಟಗಳಿಗೆಲ್ಲ ಟಿವಿಎಸ್‌ನಲ್ಲಿ ಹೋಗಿ, ಹಳಿಯ ಹತ್ತಿರ ದೋಟಿ ಎತ್ತಬೇಡಿ, ಗಳ ಒಯ್ಯುವಾಗ ಮಲಗಿಸಿಕೊಂಡು ಒಯ್ಯಿರಿ, ಗರಿ ತಂತಿಯ ಮೇಲೆ ಬಿದ್ದರೆ ಕೈ ಹಾಕಬೇಡಿ ಎಂದು ಹೇಳಿದರು. ಕೆಲವರು ಕೇಳಿದರು. ತೋಟದವರೊಬ್ಬರು, "ನಮ್ಮ ತೋಟ, ನಮ್ಮಿಷ್ಟ ಕಣಮ್ಮ. ನೀನು ನಿನ್ನ ಕೆಲಸ ನೋಡ್ಕ ಹೋಗು" ಅಂದರು. ಕಾಯಿ ಕೀಳುವ ದಿನ ಅಕ್ಕ ಒಂದು ಚಾಪೆ, ಎಲೆ ಅಡಿಕೆ ತೆಗೆದುಕೊಂಡು ಹೋಗಿ ಅವರ ಹಳಿ ಬದಿಯ ಮರದ ಕೆಳಗೇ ಕೂತುಬಿಟ್ಟರು. ಕಾಯಿ ಕೆಡವುವುದು ಹೇಗೆ? "ಏಳಮ್ಮ ಮೇಲೆ" ಅಂದರೆ, "ನನ್ನ ಕೆಲಸನೇ ನೋಡ್ಕತಾ ಇದ್ದೀನಿ, ನೀವು ನಿಮ್ಮಿಷ್ಟ ನೋಡ್ಕಳಿ" ಅಂದರು. ಮಧ್ಯಾಹ್ನದ ಹೊತ್ತಿಗೆ ಆ ಮನೆಯ ಹೆಂಗಸರೇ ಅಕ್ಕನಿಗೆ ಊಟ ತಂದುಕೊಟ್ಟು, ತಮ್ಮ ಯಜಮಾನನಿಗೆ ಬುದ್ಧಿ ಹೇಳಿದರು. ಆ ಮರಗಳಿಗೆ ಈಗ ದೋಟಿ ಎತ್ತುವುದಿಲ್ಲ.

ರಂಗಪ್ಪ ಊರಿಗೆ ಬಂದ ಮೇಲೆ ಮನೆಯಲ್ಲೇ ಮುದುರಿಕೊಂಡು ಕೂತಿದ್ದ. ಅಕ್ಕ ಹೋಗಿ ಬಾಗಿಲಲ್ಲಿ ನಿಂತರು.

"ನಾಳೆಯಿಂದ ಬಾ. ನಮ್ಮ ತೋಟದ ಕೊಯ್ಲಿಗೆ ಇನ್ಮೇಲೆ ನೀನೇ ಮೇಸ್ತ್ರಿ."

"ಕೈಯೇ ಇಲ್ವಲ್ಲಮ್ಮೋರೆ, ಏನ್ ಕಿತ್ತು ಕೊಡ್ಲಿ?"

"ಕೀಳೋರು ಬೇಕಾದಷ್ಟು ಜನ ಅವ್ರೆ. ಎಲ್ಲಿ ಕೀಳ್ಬೇಕು, ಎಲ್ಲಿ ಕೀಳ್ಬಾರ್ದು ಅನ್ನಾಕೆ ಬಾಯಿ ಬೇಕು. ನೀನು ಹೇಳಿದ್ರೆ ಕೇಳ್ತಾರೆ."

ಕೇಳಿದರು ಕೂಡ. ತೋಳಿನ ತುಂಡನ್ನು ಎತ್ತಿ ಅವನು "ಅಲ್ಲಿ ಬ್ಯಾಡ" ಅಂದರೆ ಯಾರೂ ಎದುರು ಮಾತಾಡುತ್ತಿರಲಿಲ್ಲ. ಬರಬರುತ್ತ ಮೊದಲಿನ ನಗೆಯೂ ತಿರುಗಿ ಬಂತು. ಆದರೆ ಜಯಮ್ಮ ಆ ತೋಟಕ್ಕೆ ಕಾಲಿಡಲಿಲ್ಲ. ಗಂಡನಿಗೆ ಬುತ್ತಿ ತಂದರೆ ಬೇಲಿಯ ಗೂಟಕ್ಕೆ ನೇತುಹಾಕಿ ಹೋಗುತ್ತಿದ್ದಳು. ಅಕ್ಕ ಎದುರಾದರೆ ಅವಳು ರಸ್ತೆಯ ಆ ಮಗ್ಗುಲಿಗೆ ಹೋಗುವಳು. ಅಕ್ಕ ಅದರ ಬಗ್ಗೆ ಯಾರ ಹತ್ತಿರವೂ ಮಾತೆತ್ತಲಿಲ್ಲ. ಮುಂಗೈಯ ಕಲೆಯನ್ನು ಯಾರಾದರೂ ಕೇಳಿದರೆ, "ಹಲ್ಲು ಗಟ್ಟಿ ಐತೆ ಅವ್ಳದು" ಅನ್ನುತ್ತಿದ್ದರು.

ಹೀಗೇ ಎರಡು ಮಳೆಗಾಲ ಕಳೆಯಿತು. ಒಂದು ದಿನ ಬಿರುಗಾಳಿ ಬೀಸಿ, ಗೇಟಿನಿಂದ ಸ್ವಲ್ಪ ಮುಂದೆ ಒಂದು ತೋಟದ ಹಸಿ ಗರಿ ಹಾರಿ ಬಂದು ತಂತಿಗೆ ಸಿಕ್ಕಿಕೊಂಡು ಜೋತಾಡುತ್ತಿತ್ತು. ಅದರ ತುದಿ ಕೈಗೆ ಎಟಕುವಂತಿತ್ತು. ಆ ತೋಟದವನು ರೈಲು ಬರುವ ಮುಂಚೆ ಎಳೆದು ಹಾಕೋಣ ಎಂದು ಹಳಿಯ ಏರಿ ಹತ್ತಿದ್ದಾನೆ. ಹುಲ್ಲು ಕೊಯ್ಯುತ್ತಿದ್ದ ಜಯಮ್ಮ ಅದನ್ನು ನೋಡಿದಳು. ಹಿಂದಿನಿಂದ ಹೋಗಿ ಅವನ ಕಾಲು ಹಿಡಿದು ಎಳೆದಳು. ಇಬ್ಬರೂ ಏರಿಯ ಕೆಳಕ್ಕೆ ಉರುಳಿದರು. ಅವನ ಮಂಡಿ ಒಡೆಯಿತು. ಸಿಟ್ಟಿನಲ್ಲಿ ಅವಳಿಗೆ ಬಾಯಿಗೆ ಬಂದಂತೆ ಬೈದ, ಹೊಡೆಯಲೂ ಹೋದ. ಜಯಮ್ಮ ಅವನ ಕಾಲು ಬಿಡಲಿಲ್ಲ. ಅಷ್ಟರಲ್ಲಿ ಗರಿಯ ತುದಿಯಿಂದ ಕಿಡಿ ಹಾರಿ, ಚಟಚಟ ಉರಿದು ಅರ್ಧ ಸುಟ್ಟು ಬಿತ್ತು. ಅವನು ಬೈಗುಳವನ್ನು ಅರ್ಧಕ್ಕೇ ನಿಲ್ಲಿಸಿದ.

ಅಂದು ಸಂಜೆ ನಾನು ಅಕ್ಕನ ಮನೆಯ ಜಗಲಿಯಲ್ಲಿ ಕೂತಿದ್ದೆ. ಜಯಮ್ಮ ಬಂದಳು. ಸೀರೆಯ ತುಂಬ ಮಣ್ಣು, ಮೊಣಕೈ ತರಚಿತ್ತು. ಬಾಗಿಲಲ್ಲಿ ನಿಂತು, "ನೀರು ಕೊಡಿ" ಅಂದಳು. ಅಕ್ಕ ತಾವೇ ಎದ್ದು ಒಳಗೆ ಹೋಗಿ ಚೊಂಬು ತಂದುಕೊಟ್ಟರು. ಕುಡಿದು ಗೋಡೆಗೊರಗಿ ಕೂತಳು.

"ಏನೇನು ಬೈದ ಅಂತೀರಾ ಅವ್ನು. ಒಂದು ಮಾತು ಬಾಕಿ ಇಲ್ಲ."

"ಬೈತಾರೆ ಕಣೇ" ಅಂದರು ಅಕ್ಕ.

"ಹೊಡ್ಯಾಕೂ ಬಂದ."

"ಕಚ್ಚಲಿಲ್ವಾ?"

ಜಯಮ್ಮ ಮುಖಕ್ಕೆ ಸೆರಗು ಒತ್ತಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ನನಗೆ ತಿಳಿಯಲಿಲ್ಲ, ಎರಡೂ ಇರಬೇಕು. ಅಕ್ಕ ಅರಿಶಿನ ತಂದು ಅವಳ ಮೊಣಕೈಗೆ ಹಚ್ಚಿದರು. ಭಾವ ಯಾರೂ ಕೇಳದೆಯೇ ಕಾಫಿ ಮಾಡಿ ತಂದರು. ಮಾರನೆಯ ದಿನದಿಂದ ಜಯಮ್ಮ ಬುತ್ತಿಯನ್ನು ತೋಟದ ಒಳಗೇ ತಂದಳು.

ಅಕ್ಕ ಹೋದದ್ದು ಹೃದಯದ ತೊಂದರೆಯಿಂದ, ಬೆಳಗಿನ ಹೊತ್ತು, ಅಟ್ಟದಿಂದ ಕೊಬ್ಬರಿ ಇಳಿಸುತ್ತಿದ್ದಾಗ ಎದೆ ಹಿಡಿದುಕೊಂಡು ಕೂತು. ಸ್ವಲ್ಪ ಮುಂಚೆ ಕೂಡ ಯಾರಿಗೋ ಬೈಯುತ್ತಿದ್ದರಂತೆ. ಹಾಗಾದರೂ ನರಳದೆ ಹೋದರಲ್ಲ ಎಂದು ಸಮಾಧಾನ ಮಾಡಿಕೊಂಡೆವು.

ನಮ್ಮಲ್ಲಿ ತೀರಿಕೊಂಡವರನ್ನು ಕೂರಿಸಿ, ಬಿದಿರಿನಲ್ಲಿ ಕಟ್ಟಿದ ವಿಮಾನದಲ್ಲಿ ಹೊತ್ತುಕೊಂಡು ಹೋಗಿ ಸಮಾಧಿ ಮಾಡುತ್ತಾರೆ. ಅಕ್ಕನ ವಿಮಾನವನ್ನು ಊರವರು ಪ್ರೀತಿಯಿಂದ ಎತ್ತರವಾಗಿಯೇ ಕಟ್ಟಿದ್ದರು. ನಾಲ್ಕು ಮೂಲೆಗೂ ಬಾಳೆಕಂದು, ಮೇಲೆ ತೆಂಗಿನ ಗರಿಯ ಕಮಾನು, ಅದರ ತುದಿಗೆ ಬಾವುಟ. ಸಮಾಧಿ ಹಳಿಯ ಆಚೆಯ ತೋಟದಲ್ಲಿ. ಗೇಟು ದಾಟಲೇಬೇಕು. ಹೆಗಲ ಮೇಲೆ ವಿಮಾನ ಹೊತ್ತವರು ಪಟ್ಟೆ ಚೌಕಟ್ಟಿನ ಹತ್ತಿರ ಬಂದಾಗ ಜಯಮ್ಮ ಹೆಂಗಸರ ಗುಂಪಿನಿಂದ ಮುಂದೆ ಓಡಿ ಬಂದು ರಸ್ತೆಯ ನಡುವೆ ನಿಂತಳು.

"ನಿಲ್ಸಿ. ಬಾವುಟ, ಕಂದು ಎಲ್ಲ ಬಿಚ್ಚಿ. ಕೆಳಗಿಳಿಸ್ಕಂಡು ಹೋಗಿ."

"ಚೌಕಟ್ಟಿನ ಕೆಳಗೆ ಸಲೀಸಾಗಿ ಹೋಯ್ತದೆ ಬುಡಮ್ಮ" ಅಂದರು ಹೊತ್ತವರೊಬ್ಬರು.

"ಗಾಳಿ ಬೀಸ್ತೈತೆ. ಕಂದು, ಗರಿ ಎಲ್ಲ ಹಸಿ ಐತೆ. ಬಿಚ್ಚಿ ಅಂದೆ."

ಹಿರಿಯರೊಬ್ಬರಿಗೆ ಸಿಟ್ಟು ಬಂತು. "ಕಟ್ಟಿದ ವಿಮಾನ ನಡುದಾರೀಲಿ ಬಿಚ್ತಾರಾ? ಹೋದೋರಿಗೆ ಅವಮಾನ ಅಲ್ವಾ? ಆಚೆ ಸರಿಯಮ್ಮ."

ಜಯಮ್ಮ ಸರಿಯಲಿಲ್ಲ. ಎರಡೂ ಕೈ ಚಾಚಿ ನಿಂತಿದ್ದಳು. ರಂಗಪ್ಪ ಓರೆ ಹೆಜ್ಜೆ ಹಾಕುತ್ತ ಬಂದು ಅವಳ ಪಕ್ಕ ನಿಂತ. ಜನ ಭಾವನ ಕಡೆ ನೋಡಿದರು. ಬೆಳಿಗ್ಗೆಯಿಂದ ಒಂದು ಮಾತೂ ಆಡದಿದ್ದ ಭಾವ, "ಅವ್ಳು ಹೇಳ್ದಂಗೆ ಮಾಡಿ" ಅಂದರು.

ಬಾವುಟ, ಗರಿಯ ಕಮಾನು ಬಿಚ್ಚಿದರು, ಕಂದುಗಳನ್ನು ತೆಗೆದು ಬೇಲಿಯ ಬದಿಗಿಟ್ಟರು. ವಿಮಾನವನ್ನು ಹೆಗಲಿಂದ ಇಳಿಸಿ, ಸೊಂಟದ ಮಟ್ಟಕ್ಕೆ ಹಿಡಿದು, ಬಗ್ಗಿ ನಡೆದು ಹಳಿ ದಾಟಿದರು. ಜಯಮ್ಮ ಅಕ್ಕನ ಪಕ್ಕದಲ್ಲೇ, ಮುಖ ಮೇಲೆತ್ತಿ ತಂತಿಯನ್ನೇ ನೋಡುತ್ತ ನಡೆದಳು. ಆಚೆ ದಡ ಸೇರಿದ ಮೇಲೂ ಅಲ್ಲೇ ನಿಂತು, ಹೆಂಗಸರು, ಮಕ್ಕಳು, ಕೊನೆಗೆ ಕೋಲೂರಿಕೊಂಡು ಬರುತ್ತಿದ್ದ ಮುದುಕಿಯೊಬ್ಬಳು ದಾಟುವವರೆಗೂ ಕಾದಳು. ಎಲ್ಲರೂ ದಾಟಿ ಬಂದರು ಎಂದು ಖಾತ್ರಿಯಾದ ಮೇಲೆ ರಸ್ತೆಯ ಬದಿಯಲ್ಲಿ ಕುಸಿದು ಕೂತು, ಅಲ್ಲಿಯವರೆಗೆ ತಡೆದಿಟ್ಟುಕೊಂಡಿದ್ದ ಅಳುವನ್ನು ಬಾಯಿಬಿಟ್ಟು ಅತ್ತಳು.